ಗೋಡೆ ಪಕ್ಕದ ಬಣವೆ

ಭೂಮಿಕಾಳಿಗೆ ದಮ್ಮಿನ ಕಾಯಿಲೆ ಚಿಕ್ಕಂದಿನಿಂದಲೂ ಇತ್ತು. ಮಳೆಗಾಲದಲ್ಲಿ ಒಂದೆರಡು ಸಲ ಕೆಮ್ಮು ಏರುವುದು, ಔಷಧಿ ಎಳೆದುಕೊಂಡರೆ ಇಳಿಯುವುದು, ಇಷ್ಟಕ್ಕೆ ಮನೆಯವರು ಹೊಂದಿಕೊಂಡಿದ್ದರು. ಹೋದ ಬೇಸಿಗೆಯಲ್ಲಿ ಲೇಔಟಿನ ಖಾಲಿ ಸೈಟುಗಳಿಗೆ ಬೆಂಕಿ ಬಿದ್ದು, ಹೊಗೆ ಮನೆಯೊಳಗೆ ತುಂಬಿ, ಹುಡುಗಿಯ ತುಟಿ ನೀಲಿಗಟ್ಟಿದ ಮೇಲೆ ಆ ಹೊಂದಾಣಿಕೆ ಮುಗಿಯಿತು. ಹರಪನಹಳ್ಳಿಯಲ್ಲಿ ನೋಡಿದ ಮಕ್ಕಳ ಡಾಕ್ಟರು ದಾವಣಗೆರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು ಅವಳಪ್ಪ ಹಾಲಸ್ವಾಮಿಯನ್ನು ಹೊರಗೆ ಕರೆದು, ಇನ್ನೊಂದು ಸಲ ಹೀಗೆ ಹೊಗೆ ಕುಡಿದರೆ ತಾವು ಯಾವ ಭರವಸೆಯನ್ನೂ ಕೊಡಲಾರೆವು ಎಂದರು.

ಶಾಂಭವಿಗೆ ಈ ವಿಷಯ ಗೊತ್ತಾದದ್ದು ಹಾಲಸ್ವಾಮಿಯಿಂದಲೇ. ಅವನ ಮನೆಗೂ ಅವಳ ಮನೆಗೂ ನಡುವೆ ಒಂದು ಸಾಲು ಖಾಲಿ ಸೈಟುಗಳು, ಅಷ್ಟೇ ಅಂತರ. ಕೊಟ್ಟೂರಿನ ಕೂಡ್ಲಿಗಿ ರಸ್ತೆಯ ಮಗ್ಗುಲಿನ ಆ ಲೇಔಟಿನಲ್ಲಿ ಸೈಟುಗಳೆಲ್ಲ ಮಾರಾಟವಾಗಿದ್ದರೂ ಎದ್ದ ಮನೆಗಳು ಕೆಲವೇ. ಕೊಂಡವರು ಹೊಸಪೇಟೆಯಲ್ಲೋ ಹಡಗಲಿಯಲ್ಲೋ ಕೂತು ರೇಟು ಏರುವುದನ್ನು ಕಾಯುತ್ತಿದ್ದರು. ನಂಬರು ಬರೆದ ಕಲ್ಲುಗಳ ನಡುವೆ ನೆಲ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ತಂಗಡಿ, ಕಾರೆ, ಕವಳಿ, ಬಂದರಿಕೆ, ಅಲ್ಲೊಂದು ಇಲ್ಲೊಂದು ಬನ್ನಿ, ಇವುಗಳ ಸಂದಿಯಲ್ಲೆಲ್ಲ ಸೊಂಟದೆತ್ತರದ ಹುಲ್ಲು. ಲೇಔಟು ಆಗುವ ಮೊದಲು ಅದು ಗುಡ್ಡದ ಸೆರಗು. ಉತ್ತು ಬಿತ್ತಲು ಬಾರದ ಗೊರಚು ನೆಲವಾದ್ದರಿಂದ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಪಟ್ಟಣ ಪಂಚಾಯ್ತಿಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು, ಖಾಲಿ ನಿವೇಶನಗಳ ಮಾಲೀಕರು ಬೇಸಿಗೆಗೆ ಮುಂಚೆ ಗಿಡಗಂಟಿ ತೆಗೆಸಬೇಕು ಎಂದು ಸಾರಿ ಹೋದರು. ಅದೇ ಸಂಜೆ ಹಾಲಸ್ವಾಮಿ ಪೇಂಟಿನ ಅಂಗಡಿ ಬೇಗ ಮುಚ್ಚಿ ಶಾಂಭವಿಯ ಮನೆಗೆ ಬಂದ. ಹಿಂದೆಯೇ ಅವನ ಹೆಂಡತಿ ಅಮೃತಾ ಬಂದಳು.

"ಕ್ರಾಂತಿಕುಮಾರ್ ಅವ್ರಿಗೆ ಫೋನ್ ಹಚ್ಚಿದ್ದೆ," ಎಂದ. ಆ ಸಾಲು ಪೂರ್ತಿ ಹೊಸಪೇಟೆಯ ಕ್ರಾಂತಿಕುಮಾರನದು. "ಒಂದು ಕಲ್ಲು ಅಲುಗಾಡಬಾರ್ದು, ಉಳದದ್ದು ನಿಮಗ ಬಿಟ್ಟದ್ದು ಅಂದ್ರು. ಜೆಸಿಬಿ ತರಸ್ತೀನಿ ತಂಗಿ. ಕೆಮ್ಮಣ್ಣು ಕಾಣಬೇಕು, ಅಷ್ಟ."

ಶಾಂಭವಿ ಬಳ್ಳಾರಿಯಲ್ಲಿ ಸಸ್ಯಶಾಸ್ತ್ರ ಓದಿ ಬಂದು ಊರ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಮಾತು ಕಡಿಮೆ. ತರಗತಿಯಲ್ಲಿ ಮಾತ್ರ ಒಂದೇ ಸಮ ಮಾತಾಡಿ, ಹೊರಗೆ ಬಂದ ಮೇಲೆ ಸಾಲ ತೀರಿಸಿದವಳಂತೆ ಸುಮ್ಮನಾಗುತ್ತಿದ್ದಳು. ಈಗ ಕಿಟಕಿಯಾಚೆಯ ಸೈಟುಗಳ ಕಡೆ ನೋಡಿ, "ಸುಡೋದು ಹುಲ್ಲು ಅಣ್ಣಾರ, ಗಿಡ ಅಲ್ಲ," ಎಂದಳು. "ಹ್ವಾದ ಬ್ಯಾಸಿಗ್ಯಾಗ ನೀವ ನೋಡೀರಿ. ತಂಗಡಿ ಎಲಿ ಕರಕಾತು, ಮಳಿ ಬಿದ್ದ ಮ್ಯಾಲ ಬುಡದಿಂದ ಮತ್ತ ಚಿಗರಿತು. ಹುಲ್ಲು ಕೊಯ್ಸಣ. ಗ್ವಾಡಿ ಗುಂಟ ಅಗಲಕ ಒಂದು ಪಟ್ಟಿ ಪೂರಾ ಸವರಸಣ, ಅಲ್ಲಿ ಏನೂ ಇರಬಾರ್ದು. ಗಿಡದ ಕೆಳಗಿನ ಟೊಂಗಿ ಕಡಸಣ. ಗಿಡ ಅಷ್ಟು ಇರ್ಲಿ."

"ಗಿಡ ಯಾಕ ಬೇಕವ್ವ ನಿನಗ?" ಎಂದಳು ಅಮೃತಾ.

ಉತ್ತರ ಬೇಕೆಂದು ಕೇಳಿದ ಪ್ರಶ್ನೆಯಲ್ಲ ಅದು, ಗಿಡ ಬೇಡವೆಂದು ಹೇಳುವ ಪ್ರಶ್ನೆ. ಆದರೂ ಶಾಂಭವಿ ಉತ್ತರ ಹುಡುಕಿದಳು. ಸುತ್ತಲಿನ ಗುಡ್ಡಗಳ ಬುಡವೆಲ್ಲ ಮೆಕ್ಕೆಜೋಳವಾಗಿತ್ತು, ಕಲ್ಲು ಗಣಿಯಾಗಿತ್ತು, ಲೇಔಟಾಗಿತ್ತು. ಈ ಗೊರಚು ನೆಲದ ಗಿಡಗಳು ಒಮ್ಮೆ ಬೇರು ಸಮೇತ ಹೋದರೆ ಅವಳ ಜೀವಮಾನದಲ್ಲಿ ಹಾಗೇ ಮರಳುವುದಿಲ್ಲ. ಮೇಲಿನ ಅಂಗುಲದಷ್ಟು ಮಣ್ಣಿನಲ್ಲಿ ಅವು ಎಷ್ಟು ಕಾಲದಿಂದಲೋ ಬೀಜ ಚೆಲ್ಲಿಕೊಂಡು ಬಂದಿವೆ. ಜೆಸಿಬಿಯ ಬಕೆಟ್ಟು ಮೊದಲು ಎತ್ತಿ ಒಯ್ಯುವುದೇ ಆ ಅಂಗುಲವನ್ನು. ಇದನ್ನೆಲ್ಲ ಹೇಳಿದರೆ ತರಗತಿಯಂತೆ ಕೇಳುತ್ತದೆ ಎಂದು ಅವಳಿಗೆ ಅನಿಸಿತು.

"ಅವು ಇಲ್ಲೇ ಹುಟ್ಟಿದವು ಅಕ್ಕಾರ," ಎಂದಳು. "ಮತ್ತೊಂದು ಕಡಿ ಇಲ್ಲ."

"ಚೆಂದ ಅದಾವು, ನಾನೂ ಒಪ್ತೀನಿ. ನನ್ನ ಮಗಳೂ ಚೆಂದ ಅದಾಳ. ಆಕಿನೂ ಮತ್ತೊಂದು ಕಡಿ ಇಲ್ಲ."

ಹಾಲಸ್ವಾಮಿ ಹೆಂಡತಿಯನ್ನು ತಡೆಯಲಿಲ್ಲ. ಶಾಂಭವಿಯ ತಾಯಿ ಕೊಟ್ರಬಸಮ್ಮ ಚಹದ ಬಟ್ಟಲು ತಂದಿಡುತ್ತ, "ಈಗ ಎಲ್ಲಾ ಕೆರಸಿಬಿಟ್ರ ದೀಪಾವಳಿಗೆ ಹಟ್ಟಿಲಕ್ಕವ್ವಗ ಏನ್ ಮುಡಸ್ತೀಯವ್ವ ಅಮೃತಾ? ಪ್ಲಾಸ್ಟಿಕ್ ತಂಗಡಿ ಹೂ ಬಂದಾವೇನು ಸಂತಿಗೆ?" ಎಂದಳು.

ಅಮೃತಾಳಿಗೆ ನಗು ಬಂತು. ಪಾಡ್ಯದ ಬೆಳಿಗ್ಗೆ ಸಗಣಿಯ ಹಟ್ಟಿಲಕ್ಕವ್ವನಿಗೆ ಮುಡಿಸಲು ತಂಗಡಿ ಹೂವು, ಉತ್ತರಾಣಿ ಕಡ್ಡಿ ಕೊಯ್ಯಲು ಅರ್ಧ ಕೊಟ್ಟೂರಿನ ಹೆಂಗಸರು ಈ ಸೈಟುಗಳಿಗೇ ಬರುತ್ತಿದ್ದರು. ಅವಳೂ ಬುಟ್ಟಿ ಹಿಡಿದು ಬರುವವಳೇ. ಹಬ್ಬ ಮುಗಿಯಲಿ ಎಂದು ಮಾತಾಯಿತು. ಮುಗಿದ ಮೇಲೆ ಶಾಂಭವಿ ಹೇಳಿದಂತೆ ಹುಲ್ಲು ಕೊಯ್ಯಿಸಿ ನೋಡುವುದು. ಹೊರಡುವಾಗ ಹಾಲಸ್ವಾಮಿ ಹೊಸ್ತಿಲ ಬಳಿ ನಿಂತ.

"ನಿನ್ನ ಮಾತಿನ ಮ್ಯಾಲ ಬಿಡ್ತೀನಿ, ತಂಗಿ."

ಈ ಮಾತು ಅವಳಿಗೆ ಹಿತವಾಗಲಿಲ್ಲ. ಆದರೂ ತಲೆಯಾಡಿಸಿದಳು.

ಚಳಿಗಾಲ ಶುರುವಾಗುವ ಹೊತ್ತಿಗೆ ಭೂಮಿಕಾ ಸ್ವಲ್ಪ ಹೊರಗೆ ಬರತೊಡಗಿದಳು. ನಾಲ್ಕನೆಯ ತರಗತಿ, ವಯಸ್ಸಿಗೆ ಮೀರಿದ ಮಾತು. ಓಡುವಂತಿರಲಿಲ್ಲವಾದ್ದರಿಂದ ಶಾಂಭವಿಯ ಜೊತೆ ನಿಧಾನ ನಡೆದು, ಗಿಡಗಳ ಹೆಸರು ಕೇಳಿ, ಕೇಳಿದ್ದನ್ನು ಬೇಕೆಂದೇ ತಪ್ಪಾಗಿ ಹೇಳುತ್ತಿದ್ದಳು. ಕಾರೆ ಗಿಡದಡಿಯಿಂದ ಗೌಜಲಕ್ಕಿ ಕೂಗಿದರೆ, "ಶಾಂಭವಕ್ಕ, ನಿಮ್ಮ ಪ್ರಿನ್ಸಿಪಾಲ್ ಕರ್ಯಾಕತ್ತಾರ ನೋಡ್ರಿ," ಎನ್ನುವಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವಳು. ನಿಂತದ್ದು ದಣಿವಿಗಲ್ಲ ಎಂದು ತೋರಿಸಲು ಏನಾದರೊಂದನ್ನು ಬಗ್ಗಿ ನೋಡುವಳು. ಆಗ ಶಾಂಭವಿಯೂ ಬಗ್ಗಿ ನೋಡುತ್ತಿದ್ದಳು. ಇಬ್ಬರ ನಡುವೆ ಅವಳ ಉಸಿರಿನ ಸಣ್ಣ ಸಿಳ್ಳೆ ಮಾತ್ರ ಕೇಳುತ್ತಿತ್ತು.

ದೀಪಾವಳಿಯ ಮರುವಾರ ನಾಗಕ್ಕ ಕುಡುಗೋಲು ಹಿಡಿದು ಬಂದಳು. ಜೊತೆಗೆ ಅವಳ ಗಂಡ ಬೊಮ್ಮಯ್ಯ, ಓಣಿಯ ಇಬ್ಬರು ಹೆಂಗಸರು. ನಾಗಕ್ಕನಿಗೆ ಎರಡು ಎಮ್ಮೆಗಳಿದ್ದವು. ಕೊಯ್ದ ಹುಲ್ಲಿನ ಕರಡವೇ ಕೂಲಿ ಎಂದು ಮಾತಾಗಿತ್ತು. ಕೊಯ್ಯುವುದು ಚೊಕ್ಕವಾಗಿ ನಡೆಯಿತು. ಶಾಂಭವಿ ಗಿಡಗಳ ಬುಡಕ್ಕೆ ಬಟ್ಟೆ ಚೂರು ಕಟ್ಟಿದ್ದಳು. ಕಟ್ಟಿದ್ದನ್ನು ಯಾರೂ ಮುಟ್ಟಲಿಲ್ಲ. ಗೋಡೆಗುಂಟ ಪಟ್ಟಿಯನ್ನು ಸಲಿಕೆಯಿಂದ ಮಣ್ಣು ಕಾಣುವಂತೆ ಕೆರೆದರು. ಮೂರನೆಯ ದಿನಕ್ಕೆ ಸೈಟುಗಳು ಹೊಸದಾಗಿ ಕ್ಷೌರ ಮಾಡಿಸಿಕೊಂಡ ತಲೆಯಂತೆ ಕಂಡವು. ಪೊದೆಗಳು ಒಂದೊಂದಾಗಿ, ತಂತಮ್ಮ ನೆರಳಿನೊಡನೆ ನಿಂತಿದ್ದವು. ಹುಲ್ಲಿನಲ್ಲಿ ಮುಳುಗಿದ್ದ ಬನ್ನಿಯ ಸಸಿಗಳು ಬೆಳಕಿಗೆ ಬಂದಿದ್ದವು.

ಹುಲ್ಲು ಮಾತ್ರ ನಿರೀಕ್ಷೆಗಿಂತ ಹೆಚ್ಚಾಯಿತು.

"ಇಂಥಾ ಕರಡ ಈ ವರ್ಷ ಗುಡ್ಡದಾಗೂ ಇಲ್ಲ ಬಿಡ್ರಿ," ಎಂದಳು ನಾಗಕ್ಕ, ಒಂದು ಹಿಡಿ ಎತ್ತಿ ಮೂಸಿ ನೋಡುತ್ತ. "ನಮ್ಮ ಮನಿತಾಗ ಇದನ್ನ ಒಟ್ಟಾಕ ಜಾಗ ಎಲ್ಲೈತಿ? ಎಮ್ಮಿ ನಿಂತ್ರ ನಾವು ಹೊರಗ ನಿಲ್ತೀವಿ. ತೆಲಿಗಿ ಅಳಿಯಗ ಟ್ರ್ಯಾಕ್ಟರ್ ತರಾಕ ಹೇಳೀನಿ. ಅವರ ಕಣದಾಗ ಒಟ್ಟಿದ್ರ ನಾವು ಬೇಕಾದಂಗ ತರ್ತೀವಿ. ಮೆಕ್ಕಿಜ್ವಾಳದ ಗದ್ದಲ ಮುಗದ್ರ ಬರ್ತಾನ. ಅಲ್ಲೀತನ ಇಲ್ಲೇ ಇರ್ಲಿ."

"ಬಯಲಾಗ ಬಿಟ್ರ ಇಬ್ಬನಿ ಬಿದ್ದು ಕರ್ರಗ ಆಗತೈತಿ," ಎಂದ ಹಾಲಸ್ವಾಮಿ. ಅವನು ಅಂಗಡಿಗೆ ಹೊರಟವನು ಬೈಕು ನಿಲ್ಲಿಸಿ ನೋಡುತ್ತಿದ್ದ. "ನಮ್ಮ ಗ್ವಾಡಿ ಮಗ್ಗಲಕ್ಕ ಒಟ್ರಿ. ಗಾಳಿ ಕಿತ್ತಂಗಿಲ್ಲ."

ಬೊಮ್ಮಯ್ಯ ಹೊರೆ ತಂದು ತಂದು ಹಾಕಿದ. ಅವನು ಒಟ್ಟುವ ರೀತಿ ಹಾಲಸ್ವಾಮಿಗೆ ಸರಿಬರಲಿಲ್ಲ. ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು ತಾನೇ ಮೇಲೆ ಹತ್ತಿದ.

"ಪೇಂಟಿನ ಸಾವ್ಕಾರ್ರು ಬಣವಿ ಒಟ್ಟಾಕ ಬಂದ್ರು ನೋಡ್ರಪಾ," ಎಂದ ಬೊಮ್ಮಯ್ಯ.

"ನಾನು ಹುಟ್ಟಿದ್ದು ಪೇಂಟಿನ ಡಬ್ಬಿಯಾಗಲ್ಲಲೇ ಬೊಮ್ಮಯ್ಯ. ಇಪ್ಪತ್ತು ಎಕರಿ ಒಕ್ಕಲುತನದಾಗ ಹುಟ್ಟೀನಿ. ತಲಿಕಡಿ ಒಳಗ ಬರಂಗ ಹಾಕು. ನೀರು ಇಳದ್ರ ನಡುವ ಕೊಳೀತೈತಿ."

ತುಳಿದು ತುಳಿದು ಒಟ್ಟಿದ. ಎದೆಯ ಮೇಲೆ ಹುಲ್ಲು, ಕೂದಲಲ್ಲಿ ಹುಲ್ಲು. ವರ್ಷದಿಂದೀಚೆಗೆ ಅವನು ಅಷ್ಟು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಮೂಗಿಗೆ ವೇಲು ಸುತ್ತಿಕೊಂಡು ಮಾಳಿಗೆಯ ಮೇಲೆ ನಿಂತಿದ್ದ ಭೂಮಿಕಾ, "ಅಪ್ಪ ನನ್ನಷ್ಟ ಎತ್ತರ ಬಂದ," ಎಂದು ಕೂಗಿದಳು. ಅಮೃತಾ ಫೋನಿನಲ್ಲಿ ಫೋಟೊ ತೆಗೆದಳು. ಕೊನೆಗೆ ಬಣವೆಯ ನೆತ್ತಿಗೆ ಹಗ್ಗ ಎಳೆದು ಎರಡೂ ಕಡೆ ಕಲ್ಲು ಕಟ್ಟಿ ಇಳಿದ. ಎಲ್ಲರಿಗೂ ಚಹ ಬಂತು.

ಬಣವೆ ನಿಂತದ್ದು ಖಾಲಿ ಇರಬೇಕೆಂದು ಕೆರೆದ ಆ ಪಟ್ಟಿಯ ಮೇಲೆಯೇ. ಶಾಂಭವಿ ಅದನ್ನು ನೋಡುತ್ತಲೇ ಚಹ ಕುಡಿದಳು. ಬುಡಕ್ಕೆ ಕಟ್ಟಿದ ಬಟ್ಟೆ ಚೂರುಗಳನ್ನು ಬಿಚ್ಚುವುದರಲ್ಲಿ ಅವಳ ಮನಸ್ಸಿತ್ತು. ಕೊಯ್ಯುವ ತನಕ ಅದು ಹುಲ್ಲು, ಅದನ್ನು ಕಂಡರೆ ಎಲ್ಲರಿಗೂ ಅಂಜಿಕೆ. ಹೊರೆ ಕಟ್ಟಿದ ಕೂಡಲೇ ಅದು ಮೇವಾಯಿತು. ಬರಗಾಲದಲ್ಲಿ ದನಕ್ಕೆ ಒಂದು ಹಿಡಿ ಮೇವು ಸಿಗದೆ ಪರದಾಡಿದ್ದನ್ನು ಆ ಅಂಗಳದಲ್ಲಿದ್ದ ಪ್ರತಿಯೊಬ್ಬರೂ ಕಂಡಿದ್ದರು, ಇಲ್ಲವೇ ಕಂಡವರ ಬಾಯಿಂದ ಕೇಳಿದ್ದರು. ಮೇವನ್ನು ಯಾರೂ ಬೆಂಕಿಯ ಕಣ್ಣಿನಿಂದ ನೋಡಲಿಲ್ಲ.

ಟ್ರ್ಯಾಕ್ಟರು ಬರಲಿಲ್ಲ. ತೆಲಿಗಿಯಲ್ಲಿ ಮೆಕ್ಕೆಜೋಳ ಮುಗಿಯಿತು, ಆಮೇಲೆ ಅಳಿಯನ ತಮ್ಮನ ಮದುವೆ ಬಂತು, ಆಮೇಲೆ ಟ್ರ್ಯಾಕ್ಟರಿನದೇ ಏನೋ ಕೆಟ್ಟಿತು. ನಾಗಕ್ಕ ದಿನಕ್ಕೊಂದು ಹೊರೆ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದಳು. ಅಷ್ಟರಿಂದ ಬಣವೆ ಕರಗುವಂತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಒಂದು ಮಧ್ಯಾಹ್ನ ಶಾಂಭವಿ ಅದರ ಪಕ್ಕ ಹಾದು ಹೋಗುವಾಗ ಸುಮ್ಮನೆ ಕೈ ಒಳಗಿಟ್ಟಳು. ಹುಲ್ಲು ಗರಿಗರಿಯಾಗಿತ್ತು, ಹಿಡಿದರೆ ಮುರಿಯುತ್ತಿತ್ತು. ಮೇಲೆ ನೋಡಿದಳು. ಭೂಮಿಕಾಳ ಕೋಣೆಯ ಕಿಟಕಿ ಅಲ್ಲೇ ಇತ್ತು.

ಬಣವೆಯನ್ನು ಬೇಗ ಸಾಗಿಸು ಎಂದು ಮರುದಿನ ನಾಗಕ್ಕನಿಗೆ ಹೇಳಿದಳು. "ಅಮಾಸಿ ಕಳೀಲಿ ಶಾಂಭವಮ್ಮಾರ. ಅಮಾಸಿ ಮುಂದ ಮೇವು ಮನಿ ಬಿಡಬಾರ್ದು," ಎಂದಳು ನಾಗಕ್ಕ. ಶಾಂಭವಿ ಮತ್ತೆ ಒತ್ತಾಯಿಸಲಿಲ್ಲ. ತನ್ನದಲ್ಲದ ಮೇವು, ತನ್ನದಲ್ಲದ ಗೋಡೆ, ಎಂದುಕೊಂಡಳು. ಹಾಲಸ್ವಾಮಿಗೆ ಹೇಳೋಣವೆಂದು ಒಂದೆರಡು ಸಲ ಗೇಟಿನ ತನಕ ಹೋದಳು. ಅವನು ಬಣವೆಯ ಮೇಲೆ ನಿಂತು ನಕ್ಕದ್ದು ಕಣ್ಣಿಗೆ ಕಟ್ಟಿ, ಬೇರೆ ಏನೋ ಮಾತಾಡಿ ಬಂದಳು.

ಬೆಂಕಿ ಬಂದದ್ದು ಲೇಔಟಿನ ಆಚೆಯ ಹೊಲದಿಂದ. ಯಾರೋ ಮೆಕ್ಕೆಜೋಳದ ಒಣ ದಂಟಿಗೆ ಬೆಂಕಿ ಹಚ್ಚಿದ್ದರು. ಪ್ರತಿ ವರ್ಷ ಹಚ್ಚುತ್ತಾರೆ. ಮಧ್ಯಾಹ್ನ ಗಾಳಿ ಎದ್ದು, ದಂಟಿನ ಉರಿಯುವ ಒಣಗರಿಯ ಚೂರುಗಳು ಕರಿ ಹಕ್ಕಿಗಳಂತೆ ಹಾರಿ ಬಂದವು. ಕಾಲೇಜಿನಿಂದ ಆಗತಾನೆ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಶಾಂಭವಿ ಅವು ಸೈಟುಗಳ ಮೇಲೆ ಬೀಳುವುದನ್ನು ನೋಡಿದಳು. ಕೊಯ್ದ ಕೂಳೆಯ ಮೇಲೆ ಬಿದ್ದು, ಅಂಗೈಯಗಲ ಕರಕಾಗಿಸಿ, ನಂದಿದವು. ಒಂದು ತಂಗಡಿಯ ಮೇಲೆ ಬಿತ್ತು. ಎಲೆ ಚಟಪಟ ಎಂದು ಸುಮ್ಮನಾಯಿತು. ತಾನು ಹೇಳಿದ್ದು ನಿಜವಾಗುತ್ತಿದೆ ಎಂಬ ಸಮಾಧಾನ ಅವಳಲ್ಲಿ ಹುಟ್ಟುವಷ್ಟರಲ್ಲಿ ಹಾಲಸ್ವಾಮಿಯ ಗೋಡೆಯ ಪಕ್ಕದಲ್ಲಿ ಬೆಳ್ಳಗೆ ದಪ್ಪ ಹೊಗೆ ಎದ್ದಿತು.

ಅವಳು ಓಡಿದಳು. ಕೊಟ್ರಬಸಮ್ಮ ಕೊಡಪಾನ ಹಿಡಿದು ಹಿಂದೆ ಬಂದಳು. ಎರಚಿದ ನೀರು ಬಣವೆಯ ಹೊರಮೈಯಿಂದ ಜಾರಿ ಹೋಯಿತು. ಒಳಗಿಳಿಯದಂತೆ ಒಟ್ಟಿದ್ದ ಬಣವೆ ಅದು. ಎಲ್ಲಿಂದಲೋ ನಾಗಕ್ಕ ಬಂದಳು. ಬಂದವಳೇ ಬರಿಗೈಯಲ್ಲಿ ಹೊರೆಗಳನ್ನು ಕಿತ್ತು ಎಳೆಯತೊಡಗಿದಳು. ಉಳಿದಷ್ಟನ್ನು ಉಳಿಸಿಕೊಳ್ಳಬೇಕು ಎಂಬುದೊಂದೇ ಅವಳಿಗೆ. ಎಳೆದಂತೆ ಒಳಗೆ ಗಾಳಿಯಾಡಿ ಹೊಗೆ ಇನ್ನೂ ದಟ್ಟವಾಯಿತು. ಅವಳನ್ನು ಹಿಡಿದು ಹಿಂದಕ್ಕೆ ಎಳೆಯಬೇಕಾಯಿತು.

ಅಮೃತಾ ಮಗಳನ್ನು ಎತ್ತಿಕೊಂಡು ಮುಂಬಾಗಿಲಿನಿಂದ ಹೊರಗೆ ಬಂದಳು. ಭೂಮಿಕಾಳ ಮುಖದ ಮೇಲೆ ಒದ್ದೆ ಟವೆಲು. ಕಾಲುಗಳು ಉದ್ದಕ್ಕೆ ಜೋತಾಡುತ್ತಿದ್ದವು. ಅವಳು ಎತ್ತಿಕೊಳ್ಳುವ ವಯಸ್ಸನ್ನು ದಾಟಿದ್ದಳು. ಎದುರು ಮನೆಯವರ ಕಾರು ತೆಗೆದರು. ಶಾಂಭವಿ ಕೇಳದೆಯೇ ಹಿಂದಿನ ಸೀಟಿಗೆ ಹತ್ತಿ, ಔಷಧಿಯ ಕೊಳವೆಯನ್ನು ಹುಡುಗಿಯ ಬಾಯಿಗೆ ಹಿಡಿದು ಕೂತಳು. ಹರಪನಹಳ್ಳಿಯ ತನಕ ಯಾರೂ ಮಾತಾಡಲಿಲ್ಲ. ಶಾಂಭವಿಗೆ ಮೌನ ಹೊಸದಲ್ಲ, ಅದರಲ್ಲಿ ಕೂತು ಬೆಳೆದವಳು ಅವಳು. ಆದರೆ ಈ ಮೌನದಲ್ಲಿ ಒಂದು ಉಸಿರು ಒಳಗೆ ಹೋಗಲು ಒದ್ದಾಡುವುದು ಕೇಳುತ್ತಿತ್ತು. ಅದು ಒಳಗೆ ಹೋದಾಗೊಮ್ಮೆ ಅಮೃತಾಳ ಕೈ ಮಗಳ ಎದೆಯ ಮೇಲೆ ಸಡಿಲಾಗುತ್ತಿತ್ತು, ಮತ್ತೆ ಬಿಗಿಯಾಗುತ್ತಿತ್ತು.

ಈ ಸಲವೂ ಅವಳು ಉಳಿದಳು. ಎರಡನೆಯ ದಿನ ಕಣ್ಣು ಬಿಟ್ಟು, ಮೂಗಿನ ಮೇಲಿನ ಕೊಳವೆ ತೋರಿಸಿ, ಇದು ಹೋದ ವರ್ಷದ್ದೇ ಏನು ಎಂದು ನರ್ಸನ್ನು ಕೇಳಿದಳಂತೆ. ಹಾಲಸ್ವಾಮಿ ಅಂಗಡಿಯಿಂದ ನೇರ ಬಂದಿದ್ದ. ಮಗಳ ಹತ್ತಿರ ಹೋಗುವ ಮೊದಲು ಆಸ್ಪತ್ರೆಯ ನಲ್ಲಿಯಲ್ಲಿ ಸೋಪು ಹಚ್ಚಿ ಮೊಣಕೈ ತನಕ ತೊಳೆದ. ಮೂಸಿ ನೋಡಿಕೊಂಡು ಮತ್ತೆ ತೊಳೆದ. ಪೇಂಟಿನ ವಾಸನೆಯೂ ಅವಳಿಗೆ ಆಗುತ್ತಿರಲಿಲ್ಲ.

ವರಾಂಡದ ಬೆಂಚಿನ ಮೇಲೆ ಅಮೃತಾ ಶಾಂಭವಿಯ ಪಕ್ಕದಲ್ಲಿ ಕೂತಿದ್ದಳು.

"ಅವತ್ತು ಇವರು ಬಣವಿ ಮ್ಯಾಲ ನಿಂತಾಗ ನಾ ಫೋಟೊ ತಗದೆ," ಎಂದಳು. "ಎಲ್ಲಾರಿಗೂ ಕಳಿಸಿದೆ. ಅಷ್ಟು ಮಂದಿ ನೋಡಿದ್ರು. ಒಬ್ಬರಿಗರ ಹೊಳೀಬೇಕಿತ್ತಲ್ಲ."

ಶಾಂಭವಿ ಏನೋ ಹೇಳಲು ಬಾಯಿ ತೆರೆದಳು.

"ನೀ ಏನೂ ಹೇಳಬ್ಯಾಡ. ನಿನ್ನ ಬೈಯಾಕತ್ತಿಲ್ಲ ನಾನು. ಆದ್ರ ಇನ್ನ ಅಲ್ಲಿ ಒಂದು ಕಡ್ಡಿನೂ ಇರೂದು ಬ್ಯಾಡ."

ಭೂಮಿಕಾ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಜೆಸಿಬಿ ಬಂತು. ಹುಡುಗಿ ಮನೆಗೆ ಬರುವುದರೊಳಗೆ ಧೂಳು ಕೂರಬೇಕು ಎಂದು ಹಾಲಸ್ವಾಮಿ ಬೆಳಿಗ್ಗೆಯೇ ಕರೆಸಿದ್ದ. ಡ್ರೈವರು ಗವಿಸಿದ್ದೇಶ್ ಗಾಡಿ ಆಫ್ ಮಾಡದೆ ಕೆಳಗಿಳಿದು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ. ಹಾಲಸ್ವಾಮಿ ತಡಿ ಎಂದು ಕೈ ತೋರಿ ಸೈಟುಗಳೊಳಗೆ ನಡೆದ. ಶಾಂಭವಿ ತನ್ನ ಗೇಟಿನಿಂದ ಹೊರಬಂದು ಅವನನ್ನು ಸೇರಿಕೊಂಡಳು.

ಬಣವೆ ಇದ್ದಲ್ಲಿ ಬೂದಿ, ಗೋಡೆಗೆ ಮಾಳಿಗೆಯ ತನಕ ಮಸಿ. ಅಲ್ಲಿಂದ ಈಚೆಗೆ ಎಲ್ಲವೂ ಇದ್ದಂತೆಯೇ ಇತ್ತು. ಕೂಳೆಯಲ್ಲಿ ಅಲ್ಲಲ್ಲಿ ಕರಿ ಚುಕ್ಕೆ. ಕಾರೆಯಲ್ಲಿ ಹೊಸ ಮುಳ್ಳು. ಕವಳಿಯಲ್ಲಿ ಹಸಿರು ಕಾಯಿ.

"ಗಿಡ ಸುಡಲಿಲ್ಲ, ನೋಡಿದೆ," ಎಂದ ಹಾಲಸ್ವಾಮಿ.

"ಹ್ಞೂಂ."

"ಹುಲ್ಲು ಕೊಯ್ಸಿದ್ದಕ್ಕ ಬೆಂಕಿ ಈ ಕಡಿ ದಾಟಲಿಲ್ಲ. ನೀ ಹೇಳಿದ್ದು ಖರೇನ ಐತಿ. ಬಣವಿ ಒಟ್ಟಿದಾವ ನಾನು."

ಜೆಸಿಬಿಯ ಸದ್ದು ಕಾಲಡಿಯ ಗೊರಚನ್ನು ನಡುಗಿಸುತ್ತಿತ್ತು.

"ನೀನ ಹೇಳು ತಂಗಿ. ನೀ ಬ್ಯಾಡ ಅಂದ್ರ ಗಾಡಿ ವಾಪಸ್ ಕಳಸ್ತೀನಿ. ಅಮೃತಾಗ ನಾ ಹೇಳ್ಕೊಂತೀನಿ."

ಇದನ್ನು ಅವಳು ಎದುರು ನೋಡಿರಲಿಲ್ಲ. ಅವನು ಜಗಳಕ್ಕೆ ಬಂದಿದ್ದರೆ ಹೇಳಲು ಅವಳ ಬಳಿ ಮಾತಿತ್ತು. ಅದನ್ನು ಜೋಡಿಸಿಕೊಂಡೇ ಬಂದಿದ್ದಳು. ಗಿಡ ಕಿತ್ತು ಬರಿಗೊಳಿಸಿದ ನೆಲ ಬರಿದಾಗಿ ಇರುವುದಿಲ್ಲ. ಮೊದಲ ಮಳೆಗೆ ಕಾಂಗ್ರೆಸ್ ಗಿಡ ಬರುತ್ತದೆ. ಈ ಪೊದೆಗಳು ಈ ತನಕ ಅದಕ್ಕೆ ಜಾಗ ಕೊಟ್ಟಿಲ್ಲ. ಅದರ ಹೂವಿನ ಪುಡಿ ದಮ್ಮಿನವರಿಗೆ ಹೊಗೆಯಷ್ಟೇ ಕೆಟ್ಟದ್ದು, ಒಣಗಿದರೆ ಬೆಂಕಿಗೂ ಅಷ್ಟೇ ಸಲೀಸು. ಇಷ್ಟೂ ಅವಳಿಗೆ ಗೊತ್ತಿತ್ತು. ಹೇಳಿದರೆ ಅವನು ಕೇಳುತ್ತಾನೆ, ಗಾಡಿ ಹಿಂದಕ್ಕೆ ಹೋಗುತ್ತದೆ. ಆಮೇಲೆ ಎಲ್ಲಿಂದಾದರೂ ಇನ್ನೊಂದು ಕಿಡಿ ಬಂದರೆ, ತಾನು ನೋಡಿಯೂ ನೋಡದ ಇನ್ನೊಂದು ಬಣವೆ ಎಲ್ಲಾದರೂ ಇದ್ದರೆ, ಆ ಉಸಿರು ತನ್ನ ಮಾತಿನ ಮೇಲೆ ನಿಂತಿರುತ್ತದೆ. ಕಾರಿನ ಹಿಂದಿನ ಸೀಟು ನೆನಪಾಯಿತು. ಇನ್ನೊಮ್ಮೆ ಸರಿಯಾಗಿರುವ ಧೈರ್ಯ ಅವಳಿಗೆ ಬರಲಿಲ್ಲ.

"ತಗೀರಿ," ಎಂದಳು.

"ಎಲ್ಲಾ?"

"ಎಲ್ಲಾ ತಗೀರಿ ಅಣ್ಣಾರ."

ಹಾಲಸ್ವಾಮಿ ಅವಳನ್ನು ಒಂದು ಗಳಿಗೆ ನೋಡಿ, ಗವಿಸಿದ್ದೇಶನಿಗೆ ಕೈ ಮಾಡಿದ. ಸಲೀಸಾಗಲಿಲ್ಲ. ಕಾರೆಯ ಬೇರುಗಳು ಕಲ್ಲಿನ ಸಂದಿಗೆ ಇಳಿದಿದ್ದವು. ಬಕೆಟ್ಟಿನ ಹಲ್ಲು ಮತ್ತೆ ಮತ್ತೆ ಜಾರುತ್ತಿತ್ತು. "ಮ್ಯಾಲ ಮೊಣಕಾಲುದ್ದ ಇಲ್ಲ, ಕೆಳಗ ನೋಡಿದ್ರ ಬೇರು ಪಾತಾಳಕ್ಕ ಹೋಗ್ಯಾವ," ಎಂದು ಗವಿಸಿದ್ದೇಶ್ ಗೊಣಗಿದ. ಶಾಂಭವಿ ಕೊನೆಯ ತನಕ ನಿಂತು ನೋಡಿದಳು. ಯಾವ ಕಲ್ಲೂ ಅಲುಗಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಮನೆಯಿಂದ ಹಾಲಸ್ವಾಮಿಯ ಮನೆಯ ಅಡುಗೆಕೋಣೆ ಕಾಣುವಷ್ಟು ಬಯಲಾಯಿತು. ಒಲೆಯ ಮುಂದೆ ಯಾರೂ ಇರಲಿಲ್ಲ.

ಜೂನಿನ ಮಿರಗಾ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಎರಡು ದಿನ ಸುರಿದು ನಿಂತ ನಂತರ ಕೆಮ್ಮಣ್ಣಿನ ಮೇಲೆ ಹಸಿರು ಹೊಗರು ಕಾಣಿಸಿತು. ಶಾಂಭವಿ ಹತ್ತಿರ ಹೋಗುವ ಅಗತ್ಯವಿರಲಿಲ್ಲ, ಆದರೂ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಗಜ್ಜರಿಯ ಎಲೆಯಂತೆ ಸೀಳು ಸೀಳಾದ ಸಣ್ಣ ಎಲೆಗಳು, ನೆಲಕ್ಕೆ ಅಂಟಿಕೊಂಡು, ಒಂದರ ಪಕ್ಕ ಒಂದು, ಕಣ್ಣು ಹಾಯುವ ತನಕ. ನಡುವೆ ಬೇರೆ ಏನೂ ಇರಲಿಲ್ಲ. ಅವಳು ಮನೆಗೆ ಹೋಗಿ ಹಾಲಿನ ಪ್ಯಾಕೆಟ್ಟಿನ ಕವರುಗಳನ್ನು ಕೈಗೆ ಕಟ್ಟಿಕೊಂಡು ಬಂದು, ಹಾಲಸ್ವಾಮಿಯ ಗೋಡೆಯ ಬುಡದಿಂದ ಕೀಳಲು ಶುರು ಮಾಡಿದಳು.

ಮಾರನೆಯ ಬೆಳಿಗ್ಗೆ ಹಾಲಸ್ವಾಮಿ ಹಲ್ಲುಜ್ಜುತ್ತ ಬಂದು ನೋಡಿದ. ಬಾಯಿ ತೊಳೆದು ಮರಳಿ ಬಂದು ಅವಳಿಂದ ಸ್ವಲ್ಪ ದೂರದಲ್ಲಿ ಕೂತ. ಅವನ ಕೈಯಲ್ಲಿ ಅಂಗಡಿಯ ರಬ್ಬರು ಗ್ಲೌಸು.

"ಯಾವಾಗ ಹೂ ಬಿಡತೈತಿ ಇದು?"

"ಬಿಟ್ರ ಶ್ರಾವಣದಾಗ. ಅದರೊಳಗ ಕೀಳಬೇಕು."

"ಅಷ್ಟೂ?"

"ಅಷ್ಟೂ."

ಅವನು ಸಾಲಿನ ಆಚೆಗೆ ನೋಡಿದ. ಬೇಸಿಗೆಯಲ್ಲಿ ಇವರನ್ನು ನೋಡಿ ಹಿಂದಿನ ಎರಡು ಸಾಲಿನವರೂ ಜೆಸಿಬಿ ತರಿಸಿದ್ದರು. ಅಲ್ಲಿಯೂ ಹಸಿರಾಗಿತ್ತು. ಆ ಸೈಟುಗಳು ಯಾರವು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಆಕಿಗೆ ಇದು ಆಗಂಗಿಲ್ಲಂತ ಡಾಕ್ಟ್ರು ಹೇಳ್ಯಾರ," ಎಂದ ಹಾಲಸ್ವಾಮಿ. "ಮನಿ ಹತ್ರ ಕಾಂಗ್ರೆಸ್ ಗಿಡ ಅದಾವೇನು ಅಂತ ಕೇಳಿದ್ರು. ಇಲ್ಲ, ಒಂದೂ ಇಲ್ಲ, ಎಲ್ಲಾ ಕೆರಸೀವಿ ಅಂದೆ ನಾನು."

ಶಾಂಭವಿ ಕಿತ್ತದ್ದನ್ನು ಗುಡ್ಡೆಗೆ ಹಾಕಿದಳು.

"ಅವತ್ತು ನಿನಗ ಗೊತ್ತಿತ್ತೇನು? ಇದು ಬರತೈತಿ ಅಂತ."

"ಗೊತ್ತಿತ್ತು."

ಅವನು ಒಂದೊಂದೇ ಗಿಡವನ್ನು ಬೇರು ತುಂಡಾಗದಂತೆ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದ.

"ಹೇಳಿದ್ರ ನಂಬ್ತಿದ್ರೇನು ಅಣ್ಣಾರ?" ಎಂದಳು ಶಾಂಭವಿ. ಇಲ್ಲ ಎನ್ನಲಿ ಎಂದು ಅವಳು ಕಾದಳು.

"ನಂಬ್ತಿದ್ದೆ," ಎಂದ ಹಾಲಸ್ವಾಮಿ. "ಅದಕ್ಕ ಕೇಳಿದ್ದೆ ನಿನ್ನ."

ಮನೆಯೊಳಗೆ ಭೂಮಿಕಾ ಕೆಮ್ಮಿದಳು. ಇನ್ನೊಂದು ಸಲ ಕೆಮ್ಮಿದಳು. ಇಬ್ಬರೂ ಕೈ ನಿಲ್ಲಿಸಿ, ತಲೆಯೆತ್ತದೆ, ಮತ್ತೊಂದಕ್ಕೆ ಕಾದರು. ಅದು ಬರಲಿಲ್ಲ. ಹಾಲಸ್ವಾಮಿ ಕೂತಲ್ಲಿಂದ ಒಂದು ಹೆಜ್ಜೆ ಮುಂದೆ ಸರಿದು ಮತ್ತೆ ಬಗ್ಗಿದ.